ಮುರಿಗೆವ್ವನ ಹೊಲಕ್ಕೆ ಚರಗ ಚೆಲ್ಲಿದವನು

ಗಂಡ ಸತ್ತ ವರ್ಷವೇ ಮುರಿಗೆವ್ವನ ಪಾಲಿಗೆ ಹಳ್ಳದ ದಂಡೆಯ ಇಳಿಜಾರು ಹೊಲ ಬಂತು. ಬಂತು ಎನ್ನುವುದು ಮರ್ಯಾದೆಯ ಮಾತು. ಬಬಲೇಶ್ವರದ ಕಡೆಯ ನಮ್ಮೂರಲ್ಲಿ ಅದನ್ನು ಬೇಕೆಂದವರೇ ಇರಲಿಲ್ಲ. ಸಪಾಟಾದ ಎರೆಹೊಲವನ್ನೆಲ್ಲ ಭಾವ ಶಿವಯೋಗೆಪ್ಪ ತಾನಿಟ್ಟುಕೊಂಡು, ಮಳೆಗಾಲದಲ್ಲಿ ಹಳ್ಳ ನುಗ್ಗುವ ಈ ತುಂಡನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಮಗಳು ನಂದಾಳನ್ನು ಸಾಕಲು ಅವಳಿಗಿದ್ದುದು ಅದೊಂದೇ.

ಎಲ್ಲರಂತೆ ಜೋಳ ಬಿತ್ತಿ ಹಳ್ಳಕ್ಕೆ ಕೊಡುವ ದಡ್ಡಿಯಲ್ಲ ಅವಳು. ಒಂದು ಮಳೆಗಾಲ ಏನೂ ಬಿತ್ತದೆ, ನೀರು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸುಮ್ಮನೆ ನೋಡಿದಳು. ಆಮೇಲೆ ಮೇಲ್ಭಾಗದಲ್ಲಿ ನುಗ್ಗೆ, ಕರಿಬೇವು ಹಚ್ಚಿದಳು. ನಡುವೆ ಇಳಿಜಾರಿಗೆ ಅಡ್ಡವಾಗಿ ಕಲ್ಲು ಜೋಡಿಸಿ, ಸಾಲಾಗಿ ಪೇರಲ, ಸೀತಾಫಲ ನೆಟ್ಟಳು. ತಳದ ಭಾಗವನ್ನು ಹುಲ್ಲಿಗೆ ಬಿಟ್ಟಳು. ಹೊಲ ಬೀಳುಗೆಡವಿದಳೆಂದು ಜನ ನಕ್ಕರು.

"ಬರಬ್ಯಾಡ ಅಂದ್ರ ನೀರು ಕೇಳತೈತೇನ್ರಿ? ಅದಕ್ಕೂ ಕುಂದ್ರಾಕ ಜಾಗಾ ಕೊಡಬೇಕು," ಎಂದಳು ಮುರಿಗೆವ್ವ.

ಹಳ್ಳ ಬಂತು, ಕೂತಿತು, ಹೋಯಿತು. ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ಮೆಂತ್ಯ, ರಾಜಗಿರಿ ಚೆಲ್ಲಿದಳು. ತಿಕೋಟಾದ ಸಂತೆಯಲ್ಲಿ ಅವಳ ಸೊಪ್ಪು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ನಂದಾ ವಿಜಯಪುರದ ಕಾಲೇಜು ಸೇರಿದಳು. ನಗುತ್ತಿದ್ದವರ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಅವಳು ಕೆಟ್ಟದ್ದು ಭಕ್ತಿಯಿಂದ. ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಕಡುಬು, ಪಲ್ಯ ಕಲಸಿ, ಹೊಲದ ಸುತ್ತ ಎರಚುತ್ತ ಭೂಮಿತಾಯಿಗೆ ಉಣಿಸುವುದು. ಅದು ಹೊಲದ ಯಜಮಾನನ ಕೆಲಸ. ಮನೆಯಲ್ಲಿ ಗಂಡಸಿಲ್ಲವೆಂದು ಅವಳು ಪ್ರತಿವರ್ಷವೂ ಭಾವನನ್ನೇ ಕರೆದಳು. ಅವನೂ ತಪ್ಪದೆ ಬಂದು, ಉಂಡು, ಚೆಲ್ಲಿ ಹೋದ.

ಗಿಡಗಳು ಫಲಕ್ಕೆ ಬಂದಾಗ ಶಿವಯೋಗೆಪ್ಪ ಹಿರಿಯರನ್ನು ಕೂಡಿಸಿದ.

"ಚರಗಾ ಚೆಲ್ಲಿದವನದ್ದ ಹೊಲ. ವರ್ಷಾ ನಾನ ಚೆಲ್ಲೇನಿ. ಯಾರು ಕರದಿದ್ರು, ಆಕಿನ್ನ ಕೇಳ್ರಿ."

ಹಿರಿಯರು ಕೇಳಿದರು. ಭಾವನೆದುರು ಬಾಯಿ ಬಿಡುವ ರೂಢಿಯಿಲ್ಲ. ಸೆರಗೆಳೆದುಕೊಂಡು, ತಾನೇ ಕರೆದದ್ದೆಂದು ತಲೆಯಾಡಿಸಿದಳು. ಅವರಿಗೆ ಅಷ್ಟು ಸಾಕಾಯಿತು. ಥೂ, ಅವರ ಹಿರಿತನಕ್ಕಿಷ್ಟು ಬೆಂಕಿ ಹಾಕ!

ಶಿವಯೋಗೆಪ್ಪನಿಗೆ ದ್ರಾಕ್ಷಿಯ ಹುಚ್ಚು. ಟ್ರ್ಯಾಕ್ಟರ್ ಸರಾಗವಾಗಿ ಏರಿಳಿಯಲೆಂದು ಗಿಡ ಕಡಿಸಿ, ಅಡ್ಡಗಲ್ಲು ಕೀಳಿಸಿ, ಮೇಲಿಂದ ಹಳ್ಳದವರೆಗೆ ನೆಟ್ಟಗೆ ಉಳುಮೆ ಮಾಡಿಸಿ ಬಳ್ಳಿ ಹಚ್ಚಿಸಿದ. ಕೂಲಿಗೆ ಮುರಿಗೆವ್ವನನ್ನೇ ಕರೆದ. ನಂದಾ ಕಾಲೇಜು ಬಿಟ್ಟಿದ್ದಳು. ತಾಯಿಮಗಳಿಬ್ಬರೂ ತಮ್ಮ ಕಲ್ಲುಗಳನ್ನು ತಾವೇ ಹೊತ್ತು ಹೊರಗೆ ಹಾಕಿದರು.

ಆ ಮಳೆಗಾಲ ಹಳ್ಳ ಬಂದಾಗ ತಡೆಯಲು ಏನೂ ಇರಲಿಲ್ಲ. ದ್ರಾಕ್ಷಿಯ ಕಂಬ, ಬಳ್ಳಿ, ಮೊಳದಾಳದ ಮಣ್ಣು ಎಲ್ಲ ಹೋಗಿ ಬರೀ ಗರಸುಕಲ್ಲು ಉಳಿಯಿತು. ಅಲ್ಲಿ ಇನ್ನು ಕಳೆಯೂ ಹುಟ್ಟುವಂತಿರಲಿಲ್ಲ. ಶಿವಯೋಗೆಪ್ಪ ಮತ್ತೆ ಹಿರಿಯರನ್ನು ಕೂಡಿಸಿದ.

"ತಮ್ಮನ ಹೇಂತಿ ಅದಾಳ, ದಿಕ್ಕಿಲ್ಲದಾಕಿ. ಹೊಲಾ ಆಕೀಗೇ ಬಿಟ್ಟೇನ್ರಿ."

ಎಂಥ ದೊಡ್ಡ ಮನಸ್ಸು ಎಂದು ಹಿರಿಯರು ಹೊಗಳಿದರು. ಕಾಲಿಗೆ ಬೀಳು ಎಂದು ಮುರಿಗೆವ್ವನಿಗೆ ಹೇಳಿದರು. ಅವಳು ಬಿದ್ದಳು.