ಪರದೆಯಾಚೆಯ ಕೆಮ್ಮು

ಕೊರೊನಾ ಇಳಿದ ಮರುವರ್ಷ ನಾನು ತಮಿಳು ಸೀಮೆಯ ಕಂಬಂ ಪೇಟೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಒಳಗೆ ಎರಡು ಮಂಚ, ಮುಂದೆ ಒಂದು ಪರದೆ, ಹೊರಗೆ ನಾಲ್ಕು ಕುರ್ಚಿ. ಬರುವವರಲ್ಲಿ ಹೆಚ್ಚಿನವರು ದ್ರಾಕ್ಷಿ ತೋಟದವರು. ನಮ್ಮ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವುದು ತಲೆಯ ಮೇಲಿನ ಪಂದಲಿನಲ್ಲಿ, ಅಂದರೆ ತಂತಿಯ ಚಪ್ಪರದಲ್ಲಿ. ಬೆಳಗಿನಿಂದ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ ಗೊಂಚಲು ಕೊಯ್ಯುವವರಿಗೆ ಹೆಗಲಮೂಳೆಗೂ ಬೆನ್ನುಮೂಳೆಗೂ ನಡುವಿನ ಮಾಂಸಖಂಡ ಹುಣಸೆಬೀಜದ ಹಾಗೆ ಗಂಟು ಕಟ್ಟುತ್ತದೆ.

ಆ ಗಂಟು ಬಿಡಿಸುವ ಒಂದು ದಾರಿ ಡ್ರೈ ನೀಡ್ಲಿಂಗ್. ತೀರಾ ಸಣ್ಣ ಸೂಜಿ. ಅದರಲ್ಲಿ ಔಷಧಿ ಏನೂ ಇಲ್ಲ, ಅದಕ್ಕೇ ‘ಡ್ರೈ’. ಗಂಟಿಗೆ ತಾಗಿದಾಗ ಮಾಂಸ ಮೀನಿನ ಹಾಗೆ ಒಮ್ಮೆ ಪುಟಿದು ಸಡಿಲಾಗುತ್ತದೆ. ಆದರೆ ಅಲ್ಲಿ ಚರ್ಮದಿಂದ ಒಂದು ಬೆರಳಗಲ ಕೆಳಗೇ ಶ್ವಾಸಕೋಶ. ಹಾಗಾಗಿ ಪಕ್ಕೆಲುಬಿನ ಮೇಲೂ ಕೆಳಗೂ ಬೆರಳೊತ್ತಿ ಹಿಡಿದು, ಸೂಜಿ ಎಲುಬಿನ ಮೇಲೇ ನಿಲ್ಲುವಂತೆ ಓರೆಯಾಗಿ ಹಾಕಬೇಕು. ಮಲಗಿದವರು ಅಲುಗಬಾರದು. ಅಲುಗಿದರೆ ಹೆಗಲಮೂಳೆ ಜಾರುತ್ತದೆ, ಅದರೊಡನೆ ಸೂಜಿಯೂ.

ರಾಜಮ್ಮ ನಮ್ಮ ಹಾಗೇ ಕನ್ನಡ ಮನೆಮಾತಿನವರು, ದೊಡ್ಡ ಕೂಡುಕುಟುಂಬದ ಸೊಸೆ. ಹಿಂದೆ ಎರಡು ಸಲ ಸೂಜಿ ಹಾಕಿಸಿಕೊಂಡು ಹೋಗಿದ್ದರು. ಮೂರನೆಯ ಸಲ ಬೋರಲು ಮಲಗಿದಾಗಲೂ ನಾನು ಎಂದಿನಂತೆ ಹೇಳಿದೆ, “ಅಲುಗಬೇಡಿ ಅಕ್ಕಾ.”

“ಕಲ್ಲಿನಂಗೆ ಇರ್ತೀನಿ ಕಣಮ್ಮ. ಗಂಡ ಬಂದು ಕರೆದ್ರೂ ಏಳಲ್ಲ. ಅವರು ಕರೀತಾನೇ ಇರ್ತಾರೆ.”

ಸೂಜಿ ಒಳಗೆ ಹೋಗಿತ್ತು. ನನ್ನ ಬೆರಳು ಇನ್ನೂ ಅದರ ಮೇಲಿತ್ತು. ಆಗ ಪರದೆಯಾಚೆ ಯಾರೋ ಕೆಮ್ಮಿದರು.

ನಮ್ಮ ಮನೆಗಳಲ್ಲಿ ಹಿರಿಯರು ಸೊಸೆಯರ ಹೆಸರು ಹಿಡಿದು ಕರೆಯುವುದಿಲ್ಲ. ಹೊಸ್ತಿಲಾಚೆ ನಿಂತು ಒಂದು ಕೆಮ್ಮು, ಅಷ್ಟೆ. ಕೇಳಿದವಳು ಕೂತಿದ್ದರೆ ಎದ್ದು ನಿಲ್ಲುತ್ತಾಳೆ, ಮಲಗಿದ್ದರೆ ಸೆರಗು ಸರಿಮಾಡಿಕೊಂಡು ಏಳುತ್ತಾಳೆ. ನನ್ನ ಅಜ್ಜಿ ಸುಡುವ ಜ್ವರದಲ್ಲೂ ಹಾಗೆ ಎದ್ದದ್ದನ್ನು ನಾನು ನೋಡಿದ್ದೇನೆ. ಅಂದು ಕೆಮ್ಮಿದವರು ರಾಜಮ್ಮನ ಗಂಡನ ದೊಡ್ಡಪ್ಪ, ಆ ಮನೆಗೇ ಹಿರಿಯರು. ಸಂತೆಗೆ ಬಂದವರು ಸೊಸೆಯನ್ನು ಗಾಡಿಯಲ್ಲಿ ಕರೆದುಕೊಂಡು ಹೋಗೋಣವೆಂದು ಬಂದಿದ್ದರು.

ರಾಜಮ್ಮ ಎರಡೂ ಕೈ ಊರಿ ಧಡಕ್ಕನೆ ಎದ್ದರು. ನನ್ನ ಬೆರಳ ಕೆಳಗೆ ಎಲುಬು ಜಾರಿತು. ಸೂಜಿ ಎಳೆದು ತೆಗೆದಾಗ ಅದು ಬಿಲ್ಲಿನ ಹಾಗೆ ಬಾಗಿತ್ತು. ಅವರು ಮಾತ್ರ ಸೆರಗು ಹೊದ್ದು, “ದೊಡ್ಡಮಾವ ಬಂದವ್ರೆ” ಎಂದು ಚಪ್ಪಲಿ ಹುಡುಕುತ್ತಿದ್ದರು.

ನಾನು ಅವರನ್ನು ಬಿಡದೆ ಕೂರಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವರು ಎದೆಯ ಪಕ್ಕ ಮುಟ್ಟಿಕೊಂಡು, “ಉಸಿರು ಎಳೆದ್ರೆ ಇಲ್ಲಿ ಚುಚ್ಚಿದಂಗೆ ಕುತ್ತುತ್ತೆ” ಎಂದರು. ಒಣ ಕೆಮ್ಮು ಬಂತು. ಸ್ಟೆತಸ್ಕೋಪ್ ಇಟ್ಟೆ. ಒಂದು ಕಡೆ ಉಸಿರಿನ ಸದ್ದು ಚೆನ್ನಾಗಿತ್ತು. ಸೂಜಿ ಹಾಕಿದ ಕಡೆ ದೂರದಿಂದ ಬಂದಂತಿತ್ತು. ಇದಕ್ಕೆ ನ್ಯೂಮೊಥೊರಾಕ್ಸ್ ಎನ್ನುತ್ತಾರೆ. ಶ್ವಾಸಕೋಶಕ್ಕೆ ತೂತು ಬಿದ್ದು, ಎದೆಗೂಡಿನಲ್ಲಿ ಗಾಳಿ ತುಂಬಿ, ಶ್ವಾಸಕೋಶವನ್ನು ಅದು ಒಳಕ್ಕೆ ಅದುಮುತ್ತದೆ. ಕೆಲವರಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವರಿಗೆ ಗಾಳಿ ಏರುತ್ತಲೇ ಹೋಗಿ ಹೃದಯವನ್ನೂ ಒತ್ತುತ್ತದೆ. ಇವರದು ಯಾವುದೆಂದು ಹೊರಗಿನಿಂದ ಹೇಳುವಂತಿಲ್ಲ.

ಎದೆಗೆ ಟ್ಯೂಬ್ ಹಾಕಿಸಬೇಕಾಗಿ ಬಂದರೆ ತೇನಿಯ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದುಕೊಂಡು ಕಾರು ತರಿಸಿದೆ. ಹಿರಿಯರು ಮುಂದೆ ಕೂತರು. ನಾನು ಹಿಂದೆ ರಾಜಮ್ಮನನ್ನು ನನಗೆ ಒರಗಿಸಿಕೊಂಡು ಕೂತೆ. ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ್ದೆ. ಕಂಬಂ ದಾಟುವಾಗ ಆಮ್ಲಜನಕ ತೊಂಬತ್ತಾರು ಇತ್ತು, ಚಿನ್ನಮನೂರಲ್ಲಿ ತೊಂಬತ್ತಮೂರು. ಮುಂದಿನ ಸಂಖ್ಯೆ ನೋಡಲು ಭಯವಾಗಿ ನಾನು ಅವರ ಉಗುರಿನ ಬಣ್ಣವನ್ನೇ ನೋಡುತ್ತಿದ್ದೆ.

ಹಿರಿಯರು ತಿರುಗದೆ ಕೇಳಿದರು, “ಮಗಳೇ, ಸೂಜಿ ಎಲ್ಲಿಗೆ ಹೋಗಿದೆ?”

“ಶ್ವಾಸಕೋಶಕ್ಕೆ ತಗುಲಿರಬಹುದು ತಾತಾ.”

“ನಾನು ಕೆಮ್ಮಿದ್ದಕ್ಕಾ?”

ರಾಜಮ್ಮ ಒಂದೊಂದೇ ಮಾತಾಗಿ ಹೇಳಿದರು, “ಬಿಡಿ ಮಾವ. ಬೀಡಿ ಬಿಡಿ ಅಂದ್ರೆ… ಕೇಳಿದ್ರಾ. ನಗಿಸ್ಬೇಡಿ, ನಕ್ರೆ ಕುತ್ತುತ್ತೆ.” ಯಾರೂ ನಗಲಿಲ್ಲ. ಆಮೇಲೆ ರಾಜಮ್ಮ ಮಾತಾಡಲೂ ಇಲ್ಲ. ನನ್ನ ಭಯ ಅಲ್ಲಿಂದ ಇಮ್ಮಡಿಯಾಯಿತು.

ಎಕ್ಸ್-ರೇಯಲ್ಲಿ ಶ್ವಾಸಕೋಶದ ಅಂಚು ಪಕ್ಕೆಲುಬಿನಿಂದ ದೂರ ಸರಿದು ಸಣ್ಣ ಗೆರೆಯಾಗಿ ಕಂಡಿತು. “ಗಾಳಿ ಸ್ವಲ್ಪವೇ ಇದೆ,” ಎಂದರು ವೈದ್ಯರು. “ಆಕ್ಸಿಜನ್ ಕೊಟ್ಟು ನೋಡೋಣ. ಸಂಜೆ ಇನ್ನೊಂದು ಎಕ್ಸ್-ರೇ. ಹೆಚ್ಚಾಗಿದ್ದರೆ ಟ್ಯೂಬ್. ಅಲ್ಲಿಯವರೆಗೆ ಮಂಚದಿಂದ ಏಳಕೂಡದು.”

ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಹಿರಿಯರು ಕಾಣಿಸಿಕೊಂಡರು. ಈ ಸಲ ಕೆಮ್ಮಲಿಲ್ಲ. ಆದರೂ ರಾಜಮ್ಮನ ಕೈ ಮಾಸ್ಕ್ ಬಿಟ್ಟು ಮಂಚದ ಕಂಬಿ ಹಿಡಿಯಿತು. ನಾನು ಭುಜ ಅದುಮಿದೆ. ಆ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಹಿರಿಯರು ಅದನ್ನು ನೋಡಿದರು. ಅಲ್ಲೇ ಹೊಸ್ತಿಲ ಹತ್ತಿರ ಕೋಲು ಊರಿ, ಬಗ್ಗಿ, ಬರಿ ನೆಲದ ಮೇಲೆ ಕೂತುಬಿಟ್ಟರು. ನರ್ಸ್ ಕುರ್ಚಿ ತಂದರೂ ಏಳಲಿಲ್ಲ.

“ನೀನು ಎದ್ರೆ ನಾನೂ ಏಳ್ಬೇಕು ರಾಜಮ್ಮ. ಮಂಡಿ ನೋಯ್ತದೆ. ಮಲ್ಕೋ.”

ಹೆಸರು ಹಿಡಿದು ಕರೆದಿದ್ದರು. ರಾಜಮ್ಮ ಕಂಬಿ ಬಿಟ್ಟು ಹಿಂದಕ್ಕೆ ಒರಗಿದರು. ಮದುವೆಯಾಗಿ ಬಂದ ಮೇಲೆ ಅವರೆದುರು ಕಾಲು ಚಾಚಿದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು.

ಸಂಜೆಯ ಎಕ್ಸ್-ರೇಯಲ್ಲಿ ಗಾಳಿ ಹೆಚ್ಚಾಗಿರಲಿಲ್ಲ. ಟ್ಯೂಬ್ ಬೇಕಾಗಲಿಲ್ಲ. ಮುಂದಿನ ಕೊಯ್ಲಿಗೆ ರಾಜಮ್ಮ ಪಂದಲಿನ ಕೆಳಗಿದ್ದರು.

ಸೂಜಿ ಹಾಕುವ ಮುಂಚೆ ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ, ಬಸುರಿಯಾ, ಸೂಜಿ ಕಂಡರೆ ತಲೆ ಸುತ್ತುತ್ತಾ ಎಂದು ಕೇಳುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಕೆಲಸ ನನಗೆ ಇನ್ನೊಂದು ಪ್ರಶ್ನೆ ಕಲಿಸಿತು: “ಯಾರು ಬಂದ್ರೆ ಎದ್ದು ನಿಲ್ತೀರಿ?” ಯಾರೂ ಇಲ್ಲ ಎಂದವರು ನಮ್ಮ ಕಣಿವೆಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಅವರು ಹೆಸರಿಸಿದ ಹಿರಿಯರು ಜೊತೆಗೆ ಬಂದಿದ್ದರೆ ಪರದೆಯಾಚೆ ಕೂರಿಸಿ, ಅವರ ಬಾಯಿಂದಲೇ “ಏಳಬೇಡ” ಅನ್ನಿಸಿ, ಆಮೇಲಷ್ಟೇ ಸೂಜಿಯ ಕವರು ಹರಿಯುತ್ತೇನೆ.