ಎರಡೂ ಕೈ ಲೋಟದ ಮೇಲೆ

ಗುರುವಾರ. ಬೆಳಗಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಮಿನೆಸೋಟಾದ ಪಶ್ಚಿಮದ ಬಯಲಿನಲ್ಲಿ ಬೆಳಕಿಗಿಂತ ಮೊದಲು ಗಾಳಿ ಏಳುತ್ತದೆ. ಆರ್ಡಿಸ್ ಕ್ವಾಮೆ, ಎಂಜಿನ್ ಚಳಿಗೆ ಹೆಪ್ಪುಗಟ್ಟದಿರಲೆಂದು ರಾತ್ರಿಯೆಲ್ಲ ಕಾರಿನ ಮೂತಿಗೆ ಸಿಕ್ಕಿಸಿಟ್ಟಿದ್ದ ಕರೆಂಟಿನ ವೈರನ್ನು ಕಿತ್ತು, ಗಾಜಿನ ಮೇಲಿನ ಹಿಮ ಕೆರೆದು, ಹಾಲಿಂಗ್ ಗ್ರೋವ್ ಕಾಲೇಜಿನ ವಿಜ್ಞಾನ ಕಟ್ಟಡಕ್ಕೆ ಬರುತ್ತಾರೆ. ಆ ಕಟ್ಟಡದ ಹೀಟರು ಏಳಕ್ಕೆ ಮೊದಲು ಏಳುವ ಜಾತಿಯದಲ್ಲ. ಕೋಟು ಬಿಚ್ಚದೆಯೇ ಕಾಫಿ ಸುರಿದುಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಒಂದೊಂದಾಗಿ ಆರು ಮುಖಗಳು ಮೂಡುತ್ತವೆ. ಒಂದರ ಹಿಂದೆ ಅಡುಗೆಮನೆ, ಒಂದರ ಹಿಂದೆ ಬಟ್ಟೆ ಒಗೆಯುವ ಯಂತ್ರ, ಒಂದರ ಹಿಂದೆ ಬರೀ ಕತ್ತಲು. ಕತ್ತಲಿನ ಒಡತಿ ನ್ಯೂ ಮೆಕ್ಸಿಕೊದ ಗ್ರಾಸಿಯೆಲಾ ಬಾಕಾ. ಅಲ್ಲಿ ಇನ್ನೂ ಐದು ಗಂಟೆ.

“ದೀಪ ಹಾಕ್ಕೋ ಮಾರಾಯ್ತಿ, ದೆವ್ವ ಕಂಡ ಹಾಗಾಗುತ್ತೆ,” ಅನ್ನುತ್ತಾರೆ ಆರ್ಡಿಸ್.

“ದೆವ್ವಕ್ಕೆ ಐದು ಗಂಟೆಗೆ ಏಳೋ ಕರ್ಮ ಇರಲ್ಲ ಕಣ್ರೀ.”

“ಸರಿ, ಲೋಟ.”

ಏಳು ಜನರ ಹದಿನಾಲ್ಕು ಕೈಗಳು ಏಳು ಕಾಫಿ ಲೋಟಗಳನ್ನು ತಬ್ಬಿಕೊಳ್ಳುತ್ತವೆ. ಕೆಲಸ ಶುರುವಾಗುವುದು ಹೀಗೆ.

ಈ ಏಳು ಜನ ಏಳು ಪುಟ್ಟ ಕಾಲೇಜುಗಳ ಮೇಷ್ಟ್ರುಗಳು. ಕಲಿಸುವುದು ಜೀವಿಗಳ ಜೀನುಗಳನ್ನು ಕಂಪ್ಯೂಟರಿನಲ್ಲಿ ಓದುವ ವಿದ್ಯೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಮಹಡಿಗಟ್ಟಲೆ ಜನ ಇರುತ್ತಾರೆ; ಪುಟ್ಟ ಕಾಲೇಜಿನಲ್ಲಿ ಒಬ್ಬರೇ. ಊರಿಗೊಬ್ಬಳೇ ಪದ್ಮಾವತಿ ಅನ್ನಿಸಿಕೊಳ್ಳುವುದು ಕೇಳಲು ಚೆನ್ನ. ಆದರೆ ತಪ್ಪು ಮಾಡಿದಾಗ ಪದ್ಮಾವತಿಗೆ ಅದನ್ನು ಹೇಳುವವರೂ ಊರಿನಲ್ಲಿರುವುದಿಲ್ಲ.

ಆರ್ಡಿಸ್ ಓದಿದ್ದು ಜರೀಗಿಡಗಳ ಬಗ್ಗೆ. ಕಂಪ್ಯೂಟರಿನ ಪಾಠ ಅವರ ತಲೆಗೆ ಬಂದದ್ದು ಅದನ್ನು ಕಲಿಸುತ್ತಿದ್ದವರು ಬೇರೆ ಊರಿಗೆ ಹೋದದ್ದರಿಂದ. “ಡೀನ್ ಬಂದು, ‘ನಿಮಗೆ ಟೈಪಿಂಗ್ ಬರುತ್ತಲ್ಲ?’ ಅಂದ್ರು. ಬರುತ್ತೆ ಅಂದೆ. ಅದೇ ಇಂಟರ್ವ್ಯೂ,” ಅನ್ನುತ್ತಾರೆ. ಮೊದಲ ವರ್ಷ ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದಿದ್ದರು. ಕೆಲವು ವಾರ ಅದೂ ಇಲ್ಲ. ಪ್ರೋಗ್ರಾಂ ಕೆಟ್ಟು ನಿಂತರೆ ಕೇಳಲು ಇಡೀ ಓಣಿಯಲ್ಲಿ ಜನವಿಲ್ಲ. ಕಾರಿನಲ್ಲಿ ಕೂತು ಅತ್ತು, ಮುಖ ಒರೆಸಿಕೊಂಡು ಒಳಗೆ ಹೋಗಿ ಪಾಠ ಮಾಡಿದ್ದಾರೆ. ಯಾವುದೋ ಕಮ್ಮಟದ ಊಟದ ಸಾಲಿನಲ್ಲಿ ಗ್ರಾಸಿಯೆಲಾ ಸಿಕ್ಕರು. ಆಕೆಯೂ ಕಾರಿನಲ್ಲಿ ಅಳುವವರೇ ಎಂದು ತಿಳಿಯಲು ಎರಡು ತುತ್ತಿನ ಹೊತ್ತು ಸಾಕಾಯಿತು. ಇಬ್ಬರಿದ್ದವರು ಒಂಬತ್ತು ವರ್ಷದಲ್ಲಿ ಏಳು ಜನರಾಗಿದ್ದಾರೆ. ಯಾರಿಗೂ ಸಂಬಳವಿಲ್ಲ, ಯಾರ ಬಡ್ತಿಗೂ ಇದು ಲೆಕ್ಕಕ್ಕಿಲ್ಲ. ಆರ್ಡಿಸ್‌ರ ಡೀನ್ ಇದನ್ನು ಇಂದಿಗೂ “ನಿಮ್ಮ ಕಾಫಿ ಕ್ಲಬ್” ಅನ್ನುತ್ತಾರೆ. ಆರ್ಡಿಸ್ ತಿದ್ದಲು ಹೋಗಿಲ್ಲ.

ಲೋಟದ ನಿಯಮ ಬಂದದ್ದು ಆರ್ಡಿಸ್ ಊರಿನ ಚರ್ಚಿನ ನೆಲಮಾಳಿಗೆಯಿಂದ. ಅಲ್ಲಿ ಅವರ ತಾಯಿಯ ಕಾಲದಿಂದ ಹೆಂಗಸರು ಸೇರಿ ಕೌದಿ ಹೊಲಿಯುತ್ತಾರೆ. ಒಬ್ಬಳು ತನ್ನ ಸೊಟ್ಟ ಹೊಲಿಗೆ ತೋರಿಸುವಾಗ ಉಳಿದವರು ಸೂಜಿ ಕೆಳಗಿಡಬೇಕು. “ಇಲ್ಲದಿದ್ರೆ ಇನ್ನೊಬ್ಬಳು ಕಿತ್ಕೊಂಡು ತಾನೇ ಹೊಲಿದು ಕೊಡ್ತಾಳೆ. ಕೌದಿ ನೆಟ್ಟಗಾಗುತ್ತೆ, ಹೊಲಿಯೋಳು ನೆಟ್ಟಗಾಗಲ್ಲ.” ಕಂಪ್ಯೂಟರ್ ಬಲ್ಲವರ ಬೆರಳಿಗೆ ಈ ತುರಿಕೆ ಇನ್ನೂ ಜಾಸ್ತಿ. ಹಾಗಾಗಿ ಒಬ್ಬರು ತಮ್ಮ ಕೆಲಸ ತೋರಿಸುವಾಗ ಉಳಿದ ಎಲ್ಲರ ಎರಡೂ ಕೈ ಲೋಟದ ಮೇಲಿರಬೇಕು, ಪರದೆಯಲ್ಲಿ ಕಾಣಬೇಕು. ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. ಇನ್ನೊಂದು ನಿಯಮವಿದೆ: ಕೆಟ್ಟದ್ದು ಮೊದಲು. ವಾರದಲ್ಲಿ ಏನು ಹಾಳಾಯಿತೋ ಅದನ್ನು ಹೇಳಿದ ಮೇಲೆ ಉಳಿದದ್ದು.

ಈ ಚಳಿಗಾಲ ಆ ನಿಯಮಗಳಿಗೆ ಪರೀಕ್ಷೆ ಬಂದದ್ದು ವೆಂಡೆಲ್ ಕಾಡಿಲ್ ಮೂಲಕ. ವೆಂಡೆಲ್ ಕೆಂಟಕಿಯ ಗುಡ್ಡಗಳ ನಡುವಿನ ಒಂದು ಪುಟ್ಟ ಕಾಲೇಜಿನ ಮೇಷ್ಟ್ರು, ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯ. ತಾಯಿಯ ವಯಸ್ಸಿನವರನ್ನೆಲ್ಲ ಮೇಡಂ ಅನ್ನುವುದು ಅವನ ಊರಿನ ರೂಢಿ. ಆರ್ಡಿಸ್ ಎಷ್ಟು ಬೇಡವೆಂದರೂ ಬಿಟ್ಟಿಲ್ಲ. ಒಂದು ಮಂಗಳವಾರ ಅವನ ಕಾಲೇಜಿನ ಸಮಿತಿ ಅವನ ಕೆಲಸ ಕಾಯಂ ಮಾಡುವುದೋ ಬಿಡುವುದೋ ನಿರ್ಧರಿಸಲಿತ್ತು. ಈ ದೇಶದ ಕಾಲೇಜುಗಳಲ್ಲಿ ಕಾಯಂ ಆಗದವನು ಅಲ್ಲೇ ಉಳಿಯುವಂತಿಲ್ಲ; ಮನೆ ಖಾಲಿ ಮಾಡಿಕೊಂಡು ಹೊರಡಬೇಕು. ವೆಂಡೆಲ್‌ನ ಹೆಂಡತಿ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸು, ಅವನ ಅಜ್ಜನ ಗೋರಿ ಎದುರು ಗುಡ್ಡದ ಮೇಲೆ. ಸಮಿತಿಯಲ್ಲಿದ್ದವರು ದೇವತಾಶಾಸ್ತ್ರದವರೊಬ್ಬರು, ಟ್ರಂಪೆಟ್ ಕಲಿಸುವವರೊಬ್ಬರು, ಇನ್ನೂ ಮೂವರು. ಪರೀಕ್ಷಾನಳಿಕೆಯಿಲ್ಲದ ಜೀವಶಾಸ್ತ್ರಜ್ಞನನ್ನು ಅವರು ಹಾಲಿಲ್ಲದ ಹಸುವಿನಂತೆ ನೋಡುತ್ತಿದ್ದರು.

ಆದರೆ ವೆಂಡೆಲ್ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಹಳೆಯ ಕಲ್ಲಿದ್ದಲ ಗಣಿಯ ಕೆಳಗಿನ ಹೊಳೆಯಲ್ಲಿ ಅವನ ವಿದ್ಯಾರ್ಥಿಗಳು ಕಪ್ಪೆಚಿಪ್ಪುಗಳನ್ನು ಹಿಡಿದು, ಅವುಗಳ ಒಂದು ಜೀನು ಒಡೆದುಹೋಗಿದೆ ಎಂದು ಕಂಡುಹಿಡಿದಿದ್ದರು. ಗಣಿಯ ಮೇಲಿನ ಹೊಳೆಯ ಚಿಪ್ಪುಗಳಲ್ಲಿ, ಬೇರೆಯವರು ಮೊದಲೇ ಓದಿಟ್ಟಿದ್ದ ಪ್ರಕಾರ, ಅದೇ ಜೀನು ಇಡಿಯಾಗಿತ್ತು. ಒಡೆದದ್ದು ಗಣಿಯ ವಿಷದಿಂದ ಎಂದು ಅವರ ತೀರ್ಮಾನ. ಸಮಿತಿ ಸೇರುವ ಮಂಗಳವಾರಕ್ಕೆ ಐದು ದಿನ ಮೊದಲು ಅದನ್ನು ಗುರುವಾರದ ಗುಂಪಿಗೆ ತೋರಿಸಿದ.

ಗ್ರಾಸಿಯೆಲಾ ಲೋಟ ತಬ್ಬಿಕೊಂಡೇ ಕೇಳಿದರು: “ಒಡೆದಿರೋದು ಅದೊಂದೇನಾ?”

“ನಾವು ನೋಡಿದ್ದು ಅದೊಂದೇ.”

“ಒಡೆದ್ರೆ ಪ್ರಾಣಿ ಬದುಕೋಕೇ ಆಗದಂಥ ಜೀನು ಯಾವುದಾದ್ರೂ ಇರುತ್ತಲ್ಲ, ಅದನ್ನ ನೋಡಿದೀಯೇನೋ?”

ವೆಂಡೆಲ್ ಅಲ್ಲೇ ಕೀಲಿ ಒತ್ತಿ ನೋಡಿದ. ಅದೂ ಒಡೆದಿತ್ತು. ಇನ್ನೊಂದು ನೋಡಿದ. ಅದೂ.

“ಈ ಲೆಕ್ಕದಲ್ಲಿ ನಿನ್ನ ಚಿಪ್ಪು ಸತ್ತುಹೋಗಿದೆ,” ಅಂದರು ಗ್ರಾಸಿಯೆಲಾ.

“ಇಲ್ಲ, ಲ್ಯಾಬಿನ ಬಕೆಟ್‌ನಲ್ಲಿ ಬಾಯಿ ತೆರೆದು ಮುಚ್ಚಿ ಮಾಡ್ತಾ ಇದಾವೆ.”

“ಪಾಪ, ಅವಕ್ಕೆ ಯಾರೂ ಹೇಳಿಲ್ಲ.”

ಆರ್ಡಿಸ್‌ರ ಬೆರಳುಗಳು ಲೋಟವನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದವು. ಹುಡುಗರು ಚಿಪ್ಪುಗಳ ಡಬ್ಬಿ ಅದಲುಬದಲು ಮಾಡಿದ್ದಾರೆ ಎಂದು ಅವರಿಗೆ ಖಾತ್ರಿಯಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕೇಳಿದ್ದು ಇಷ್ಟೇ: “ಮೊದಲಿಂದ ಹೇಳಪ್ಪ. ಟ್ರಂಪೆಟ್‌ನವರಿಗೆ ಹೇಳೋ ಹಾಗೆ.”

ವೆಂಡೆಲ್ ಮೊದಲಿನಿಂದ ಹೇಳತೊಡಗಿದ. ಜೀನು ಅಂದರೆ ಅಕ್ಷರಗಳ ಸಾಲು. ಮೂರುಮೂರಾಗಿ ಓದಬೇಕು. ಎಲ್ಲಿಂದ ಓದಬೇಕು ಎನ್ನುವ ಪಟ್ಟಿಯನ್ನು ಒಂದು ಮಾಹಿತಿ ಭಂಡಾರದಿಂದ ತಂದೆವು. ಅವರು ಅಕ್ಷರಗಳನ್ನು ಒಂದರಿಂದ ಎಣಿಸುತ್ತಾರೆ. ಅದನ್ನು ನಮ್ಮ ಪ್ರೋಗ್ರಾಂಗೆ ಕೊಟ್ಟೆವು, ಅದು ಎಣಿಸುವುದು...

ಅವನು ಪಟ್ಟಿಯನ್ನು ಮತ್ತೆ ಮೊದಲ ಸಾಲಿಗೆ ಎಳೆದು ನೋಡಿದ. “ಸೊನ್ನೆಯಿಂದ,” ಅಂದ.

ಈ ವಿದ್ಯೆಯವರಷ್ಟೇ ಮಾಡಬಲ್ಲ ತಪ್ಪು ಅದು. ಒಂದು ಮನೆಯವರು ಮೊದಲನೆಯದನ್ನು ಒಂದು ಅನ್ನುತ್ತಾರೆ, ಪಕ್ಕದ ಮನೆಯವರು ಸೊನ್ನೆ ಅನ್ನುತ್ತಾರೆ, ನಡುವೆ ಅಕ್ಷರವೊಂದು ಜಾರಿಹೋಗುತ್ತದೆ. ಅಲ್ಲಿಂದ ಮುಂದೆ ಓದಿದ್ದೆಲ್ಲ ಹರಿದ ಕಾಗದ. ಹುಡುಗರ ಕೈಗೆ ಸಿಕ್ಕಿದ ಪ್ರತಿ ಜೀನೂ ಒಡೆದಂತೆಯೇ ಕಂಡಿತ್ತು. ಚಿಪ್ಪಿಗೆ ಏನೂ ಆಗಿರಲಿಲ್ಲ.

“ಇದನ್ನ ಹಿಡಿಯೋರು ನಮ್ಮ ಕಮಿಟಿಯಲ್ಲಿ ಒಬ್ಬರೂ ಇಲ್ಲ,” ಅಂದ ವೆಂಡೆಲ್ ಮೆಲ್ಲಗೆ. ಕೇಳಿದವರಿಗೆ ಅದು ಬೇಸರವೋ ಆಸೆಯೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿದ್ದಂತಿರಲಿಲ್ಲ.

“ನಿನ್ನ ಹುಡುಗರಿಗೆ ಯಾರು ಹೇಳ್ತಾರೆ?” ಆರ್ಡಿಸ್ ಕೇಳಿದರು.

ವೆಂಡೆಲ್ ಪರದೆಯ ಮೇಲಿನ ಪಟ್ಟಿಯನ್ನು ಮುಚ್ಚಿದ. “ಒಂಬತ್ತಕ್ಕೆ ಕ್ಲಾಸಿದೆ ಮೇಡಂ. ನಾನೇ ಹೇಳ್ತೀನಿ.”

ಹೇಳಿದ. ಆದರೆ ಲೋಟ ಹಿಡಿದು ಹೇಳಿದ. ಹುಡುಗರ ಮುಂದೆ ಎರಡು ಪಟ್ಟಿಗಳನ್ನು ಇಟ್ಟು, ಬಕೆಟ್ಟಿನಲ್ಲಿ ಬದುಕಿರುವ ಸತ್ತ ಚಿಪ್ಪುಗಳನ್ನು ತೋರಿಸಿ, ಸುಮ್ಮನೆ ಕೂತ. ಗಣಿ ಕೆಲಸಗಾರನ ಮೊಮ್ಮಗಳೊಬ್ಬಳು ಕ್ಲಾಸು ಮುಗಿಯುವುದರೊಳಗೆ ಜಾರಿದ ಅಕ್ಷರವನ್ನು ಹಿಡಿದಳು. ಮಂಗಳವಾರ ಸಮಿತಿಯ ಮುಂದೆ ವೆಂಡೆಲ್ ಬ್ರಹ್ಮಾಸ್ತ್ರದ ಬದಲು ಅದು ಮುರಿದ ಕಥೆಯನ್ನು ಬಿಚ್ಚಿದ, ಕೆಟ್ಟದ್ದು ಮೊದಲು. ದೇವತಾಶಾಸ್ತ್ರದವರು ಹುಬ್ಬು ಗಂಟಿಕ್ಕಿ, ಒಂದೇ ಒಂದು ಅಕ್ಷರಕ್ಕೆ ಇಷ್ಟೇಕೆ ಎಂದು ಕೇಳಿದರು. ವೆಂಡೆಲ್ ಬಾಯಿ ತೆರೆಯುವ ಮೊದಲೇ ಟ್ರಂಪೆಟ್ ಮೇಷ್ಟ್ರು ಅವರ ಕಡೆ ತಿರುಗಿದರು. “ಒಂದು ತಾಳ ಮುಂಚೆ ಎತ್ತಿಕೊಂಡ್ರೆ ಏನಾಗುತ್ತೆ ಗೊತ್ತಾ ನಿಮಗೆ? ಊದೋನು ಸರಿಯಾಗೇ ಊದ್ತಾನೆ, ಹಾಡು ಮಾತ್ರ ಸತ್ತುಹೋಗುತ್ತೆ. ಈ ಹುಡುಗ ಅದನ್ನ ಕಚೇರಿಗೆ ಮೊದಲೇ ಹಿಡಿದಿದಾನೆ. ಅಷ್ಟೇ ಅಲ್ಲ, ಶಿಷ್ಯರ ಕೈಲೂ ಹಿಡಿಸಿದಾನೆ. ನಮ್ಮ ಬ್ಯಾಂಡಿಗೆ ಇಂಥೋನೊಬ್ಬ ಸಿಕ್ಕಿಲ್ಲ ಅಂತ ನನ್ನ ಹೊಟ್ಟೆಕಿಚ್ಚು.”

ತಪ್ಪು ನೋಡಲು ಹೇಳಿಕೊಟ್ಟವರು ಯಾರು ಎಂದು ಇನ್ನೊಬ್ಬರು ಕೇಳಿದರಂತೆ. “ಹೇಳಿಕೊಟ್ಟಿಲ್ಲ ಸಾರ್. ಆರು ಜನ ಲೋಟ ಹಿಡ್ಕೊಂಡು ಕೂತಿದ್ರು,” ಅಂದನಂತೆ ವೆಂಡೆಲ್.

ಐದಕ್ಕೆ ಐದು ಮತ.

ಮುಂದಿನ ಗುರುವಾರ ಆ ಸುದ್ದಿಗೂ ನಿಯಮದಿಂದ ವಿನಾಯಿತಿ ಸಿಗಲಿಲ್ಲ. “ಕೆಟ್ಟದ್ದು ಮೊದಲು,” ಅಂದ ವೆಂಡೆಲ್, ಮುಖ ಗಂಟಿಕ್ಕಲು ನೋಡಿ ಸೋಲುತ್ತ. “ಇನ್ನು ಮೂವತ್ತು ವರ್ಷ ಆ ಟ್ರಂಪೆಟ್ ಮೇಷ್ಟ್ರ ಪಕ್ಕದಲ್ಲೇ ಮೀಟಿಂಗಿಗೆ ಕೂರಬೇಕು.” ಚಪ್ಪಾಳೆ ತಟ್ಟಲು ಯಾರ ಕೈಯೂ ಖಾಲಿಯಿರಲಿಲ್ಲ. ಆರು ಲೋಟಗಳು ಮೇಲೆದ್ದವು. ಗ್ರಾಸಿಯೆಲಾ ದೀಪ ಹಾಕಿಕೊಂಡಿದ್ದರು. ಅವರ ಕಣ್ಣು ಒದ್ದೆಯಾದದ್ದು ಎಲ್ಲರಿಗೂ ಕಂಡಿತು.

ಡಬ್ಬಿ ಅದಲುಬದಲಾಗಿದೆ ಎಂದು ಅಂದು ಹೇಳಿಬಿಟ್ಟಿದ್ದರೆ? “ಹುಡುಗ ಮತ್ತೆ ಹೊಳೆಗಿಳಿದು ವಾರವೆಲ್ಲ ಚಿಪ್ಪು ಹಿಡೀತಿದ್ದ, ಮಂಗಳವಾರ ದಾಟಿಹೋಗ್ತಿತ್ತು,” ಅನ್ನುತ್ತಾರೆ ಆರ್ಡಿಸ್. “ನನ್ನ ದೊಡ್ಡ ಸಹಾಯ ಅಂದ್ರೆ ನಾನು ಬಾಯಿ ಮುಚ್ಚಿದ್ದು. ನಮ್ಮ ಲೈಲ್‌ಗೆ ಹೇಳಿದ್ರೆ ನಂಬಲಿಲ್ಲ.” ಲೈಲ್ ಅವರ ಗಂಡ, ಶಾಲೆಯ ಬಸ್ಸಿನ ಚಾಲಕ. ಒಂಬತ್ತು ವರ್ಷದಲ್ಲಿ ಈ ಗುಂಪಿನ ಒಬ್ಬರೂ ಕೆಲಸ ಕಳೆದುಕೊಂಡಿಲ್ಲ ಎಂದು ನೆನಪಿಸಿದರೆ ಆರ್ಡಿಸ್ ಹೇಳುವುದು ಈ ಸೀಮೆಯವರ ಅತಿ ದೊಡ್ಡ ಹೊಗಳಿಕೆಯ ಮಾತು: “ಪರವಾಗಿಲ್ಲ.” ಇನ್ನೇನು ಆಸೆ ಎಂದರೆ, “ಒಂದು ಗುರುವಾರ ಏಳು ಗಂಟೆವರೆಗೆ ಮಲಗಬೇಕು.”

ಆ ಗುರುವಾರ ಮಾರ್ಚ್‌ನಲ್ಲಿ ಬಂತು. ಮಂಡಿಯ ಆಪರೇಷನ್ ಆಗಿ ಅವರು ಮನೆಯಲ್ಲೇ ಇದ್ದರು. ಗುಂಪಿಗೆ ಡಕೋಟಾದಿಂದ ಹೊಸಬಳೊಬ್ಬಳು ಸೇರುವುದಿತ್ತು, ನಡೆಸುವುದು ವೆಂಡೆಲ್ ಎಂದು ನಿಗದಿಯಾಗಿತ್ತು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಲೈಲ್ ಬಸ್ಸು ತೆಗೆಯಲೆಂದು ಎದ್ದು ಬಂದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ. ಹೆಂಡತಿ ಊರುಗೋಲು ಪಕ್ಕಕ್ಕಿಟ್ಟು, ಕಂಪ್ಯೂಟರಿಲ್ಲದ ಮೇಜಿನ ಮುಂದೆ, ಎರಡೂ ಕೈಯಲ್ಲಿ ಲೋಟ ಹಿಡಿದು ಕೂತಿದ್ದಾರೆ.

“ಯಾರಿಗೆ ಕಾಯ್ತಾ ಇದೀಯ?” ಅಂದರು ಲೈಲ್.

“ಯಾರಿಗೂ ಇಲ್ಲ,” ಅಂದರು ಆರ್ಡಿಸ್, ಗೋಡೆಯ ಗಡಿಯಾರ ನೋಡಿ. “ಅವರು ಶುರುಮಾಡಿರ್ತಾರೆ.”