ಮಡಿ ಮೇಡಂ ಮತ್ತು ಮೂಗ ಮೀಟರು

ಕೃಷ್ಣಮೂರ್ತಿಪುರಂನ ಗಿರಿಜಾಂಬಾ ಅವರ ಪಾಲಿಗೆ ಮನುಷ್ಯರಲ್ಲಿ ಇದ್ದದ್ದು ಎರಡೇ ಜಾತಿ, ಕೈ ತೊಳೆಯುವವರು ಮತ್ತು ತೊಳೆಯದವರು. ಜೀವಶಾಸ್ತ್ರದ ಪ್ರಯೋಗಾಲಯವೊಂದರಲ್ಲಿ ವಿಕಿರಣ ಸೂಸುವ ರಂಜಕ ಬಳಸುವ ಕೋಣೆಯ ಸುರಕ್ಷತೆ ಅವರ ಹೊಣೆ. ಕೈಗವಸು ಹಾಕದೆ ಒಳಗೆ ಕಾಲಿಟ್ಟವರಿಗೆ ಮಂಗಳಾರತಿಯಾಗುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಮಡಿ ಮೇಡಂ’ ಎನ್ನುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅವರು ಸುಮ್ಮನಿದ್ದರು.

ಆ ಕತ್ತೆಗಳಿಗೆಲ್ಲ ಹಿರಿಯ, ವಿಭಾಗದ ಮುಖ್ಯಸ್ಥ ಮಹದೇವಪ್ರಸಾದ್. ವಿಕಿರಣದ ಅಪಾಯದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಮಹಾಶಯ, ರಂಜಕದ ಸೀಸೆಯನ್ನು ಬರಿಗೈಯಲ್ಲೇ ಹಿಡಿಯುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಜೇಬಿನಲ್ಲಿ ಸದಾ ವಿಭೂತಿ ಗಟ್ಟಿ. ಹಣೆಯ ಪಟ್ಟೆ ಸ್ವಲ್ಪ ಮಾಸಿದರೂ ಮತ್ತೆ ಬಳಿದುಕೊಳ್ಳಬೇಕು.

1998ರ ದಸರೆಗೆ ಗಿರಿಜಾಂಬಾ ರಜೆ ಹಾಕಿದ್ದರು. ಪ್ರಯೋಗಾಲಯದಲ್ಲಿ ಆಯುಧಪೂಜೆ ನಡೆಯಿತು. ಮಹದೇವಪ್ರಸಾದ್ ವಿಕಿರಣ ಅಳೆಯುವ ಮೀಟರಿಗೂ ಭಕ್ತಿಯಿಂದ ಮೂರು ಬೆರಳಲ್ಲಿ ವಿಭೂತಿ ಒತ್ತಿದ. ಒತ್ತಿದ್ದೆಲ್ಲಿಗೆ? ಅದರ ಮೂತಿಯಲ್ಲಿರುವ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಅಭ್ರಕದ ಬಿಲ್ಲೆಗೆ! ಬಿಲ್ಲೆ ಬಿರಿಯಿತು, ವಿಕಿರಣ ಕಂಡರೆ ಟಕಟಕ ಎನ್ನಬೇಕಾದ ಮೀಟರು ಮೂಕವಾಯಿತು.

ಗಿರಿಜಾಂಬಾ ಹಿಂದಿರುಗಿದ ದಿನ ಕೋಣೆಯೊಳಗೆ ರಕ್ಷಿತಾ ಕುಳಿತಿದ್ದಳು. ಸಂಶೋಧನೆ ಮಾಡುತ್ತಿದ್ದ ಹುಡುಗಿ, ನಾಲ್ಕು ತಿಂಗಳ ಬಸುರಿ. ಹೆರಿಗೆಯಾಗುವವರೆಗೆ ಇತ್ತ ತಲೆ ಹಾಕಬೇಡ ಎಂದು ಗಿರಿಜಾಂಬಾ ಅವರೇ ಅವಳಿಗೆ ತಾಕೀತು ಮಾಡಿದ್ದರು.

“ನಾನೇ ಕೂರ್ಸಿದ್ದು ಕಣ್ರೀ. ಬೆಳಿಗ್ಗೆ ರಂಜಕ ಹಂಚಿದ್ಮೇಲೆ ಮೀಟರ್ ಹಿಡ್ದು ನೋಡ್ದೆ, ಒಂದು ಟಕ್ಕೂ ಇಲ್ಲ. ಪೂಜೆ ಆದ್ಮೇಲೆ ಎಲ್ಲಾ ಶುದ್ಧ!” ಎಂದ ಮಹದೇವಪ್ರಸಾದ್.

ಗಿರಿಜಾಂಬಾ ಕೈಗವಸು ಹಾಕಿಕೊಂಡರು. ಮೀಟರನ್ನು ರಂಜಕದ ಸೀಸೆಗೇ ಹಿಡಿದರು. ಆಗಲೂ ಸದ್ದಿಲ್ಲ.

“ಇದು ಸತ್ತೋಗಿದೆ ಸಾರ್. ಹೆಣಕ್ಕೆ ವಿಭೂತಿ ಹಚ್ಚಿದ್ದೀರಿ.”

ಪಕ್ಕದ ವಿಭಾಗಕ್ಕೆ ಓಡಿ ಇನ್ನೊಂದು ಮೀಟರು ತಂದರು. ರಕ್ಷಿತಾಳ ಕೈ, ಸೀರೆ, ಹೊಟ್ಟೆಯ ಮೇಲೆ ನಿಧಾನವಾಗಿ ಆಡಿಸಿದರು. ರಂಜಕ ಎಲ್ಲೂ ಅಂಟಿರಲಿಲ್ಲ.

“ಏನೂ ಅಂಟಿಲ್ಲ ಕಣಮ್ಮ, ಹೆದರ್ಬೇಡ. ಮನೆಗೆ ನಡಿ” ಎನ್ನುವಾಗ ಆ ಬಿಗುಮಾನದ ಹೆಂಗಸಿನ ಕಣ್ಣು ತುಂಬಿತ್ತು.

ಅದೇ ಕಣ್ಣು ಮಹದೇವಪ್ರಸಾದನತ್ತ ತಿರುಗಿದಾಗ ಅದರಲ್ಲಿ ಬರೀ ಅಸಹ್ಯವಿತ್ತು. ಅವನ ಬೆರಳಿಗೆ ಮೀಟರು ಹಿಡಿದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ.

“ಕೈ ತಾನೇ, ತೊಳ್ಕೊಂಡ್ರಾಯ್ತು ಬುಡಿ” ಎಂದು ಅವನು ಹಲ್ಲು ಕಿರಿದ.

ಅವರು ಮೀಟರನ್ನು ಮೇಲಕ್ಕೆತ್ತಿ ಹಣೆಗೆ ಹಿಡಿದರು. ಮೂರು ಪಟ್ಟೆಯ ಮೇಲೂ ಮೀಟರು ಅರಚಿಕೊಂಡಿತು. ಮಹದೇವಪ್ರಸಾದನ ನಗು ಅಲ್ಲೇ ಒಣಗಿತು.

“ನಾನೂ ವಿಭೂತಿ ಇಡೋಳೇ ಸಾರ್” ಎಂದು ಸೋಪು ಮುಂದೆ ಚಾಚಿದರು. “ಕೈ ತೊಳ್ಕೊಂಡು ಇಡ್ತೀನಿ, ಅಷ್ಟೇ.”

2004ರಲ್ಲಿ ನಿವೃತ್ತರಾಗುವವರೆಗೂ ಗಿರಿಜಾಂಬಾ ದಸರೆ ಬಂತೆಂದರೆ ಮೀಟರನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಮನೆಗೆ ಒಯ್ಯುತ್ತಿದ್ದರು. ಭಕ್ತರು ಬೇಕಿದ್ದರೆ ಬೀಗಕ್ಕೆ ವಿಭೂತಿ ಹಚ್ಚಿಕೊಳ್ಳಲಿ.